ಚಿಕ್ಕ ಡೆಸ್ಕ್‌ಟಾಪಿಗೆ ಹೊಸ ಗ್ರಾಫಿಕ್ಸ್ ಕಾರ್ಡ್: ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಕಚೇರಿ ಕೆಲಸಕ್ಕೆಂದು ತಯಾರಾದ ಚಿಕ್ಕ ಡೆಸ್ಕ್‌ಟಾಪ್‌ಗಳು, ಅಂದರೆ ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಎಂದು ಕರೆಯುವ ಚಪ್ಪಟೆ ಪೆಟ್ಟಿಗೆಗಳು, ಸರಿಯಾದ ಲೋ ಪ್ರೊಫೈಲ್ ಕಾರ್ಡ್ (ಎತ್ತರ ಕಡಿಮೆ ಇರುವ ಗ್ರಾಫಿಕ್ಸ್ ಕಾರ್ಡ್) ಸಿಕ್ಕರೆ ಗೇಮಿಂಗಿಗೂ ಚೆನ್ನಾಗಿ ಒದಗುತ್ತವೆ. ಜಿಟಿಎಕ್ಸ್ 1650, ಆರ್‌ಎಕ್ಸ್ 6400, 6 ಜಿಬಿಯ ಆರ್‌ಟಿಎಕ್ಸ್ 3050 ಇಂಥ ಪೆಟ್ಟಿಗೆಗಳಿಗೆ ಹೊಂದುವ ಕಾರ್ಡ್‌ಗಳು. ಆದರೆ ಹಾಕಿದ ಮೇಲೆ ಪರದೆ ಬೆಳಗದಿದ್ದರೆ, ಆಟದ ನಡುವೆ ಯಂತ್ರ ತಾನಾಗಿ ರೀಸ್ಟಾರ್ಟ್ ಆದರೆ, ಆಟ ತಡವರಿಸಿದರೆ, ಬಹಳ ಮಂದಿ ಕೂಡಲೇ ಕಾರ್ಡನ್ನು ವಾಪಸ್ ಕಳಿಸುತ್ತಾರೆ, ಇಲ್ಲವೇ ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕುತ್ತಾರೆ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ತೊಂದರೆ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ. ಆನ್ ಮಾಡಿ ಕಂಪನಿಯ ಲೋಗೊ ಕಾಣುವ ಮುಂಚೆಯೇ? ವಿಂಡೋಸ್ ಬಂದ ಮೇಲೆ? ಆಟ ಶುರುವಾಗಿ ಕಾರ್ಡಿನ ಮೇಲೆ ಭಾರ ಬಿದ್ದಾಗ? ಈ ಮೂರರ ಕಾರಣಗಳು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕೈ ಹಾಕುವ ಮುಂಚೆ ಎರಡು ಮಾತು. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಬಯಾಸ್ (ಯಂತ್ರ ಆನ್ ಆದಾಗ ವಿಂಡೋಸಿಗಿಂತ ಮುಂಚೆ ಓಡುವ, ಮದರ್‌ಬೋರ್ಡಿನೊಳಗಿನ ಪ್ರೋಗ್ರಾಮ್) ಸೆಟ್ಟಿಂಗ್ ಬದಲಿಸಿದ ಮೇಲೆ ಯಂತ್ರ ಆ ಕೀ ಕೇಳುವುದುಂಟು. ಆಗ ಕೀ ಕೈಯಲ್ಲಿ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದೆಲ್ಲ ಕೈತಪ್ಪುತ್ತದೆ. ಎರಡನೆಯದು, ಪ್ರತಿ ಸಲ ಕ್ಯಾಬಿನೆಟ್ ತೆರೆಯುವಾಗಲೂ ಪವರ್ ಕೇಬಲನ್ನು ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ಕಾರ್ಡನ್ನು ಮುಟ್ಟಿ.

ಮೊದಲು ಕಾರ್ಡ್ ತೆಗೆದು ನೋಡಿ

ಕಾರ್ಡನ್ನು ಹೊರತೆಗೆದು, ಮಾನಿಟರ್ ಕೇಬಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿ ಆನ್ ಮಾಡಿ. ಯಂತ್ರ ಮೊದಲಿನಂತೆ ನಡೆದರೆ ಹುಡುಕಾಟ ಕಾರ್ಡ್, ಅದರ ವಿದ್ಯುತ್ತು, ಅದರ ಸೆಟ್ಟಿಂಗ್ ಇಷ್ಟಕ್ಕೇ ಸೀಮಿತವಾಯಿತು. ಕಾರ್ಡ್ ಇಲ್ಲದೆಯೂ ನಡೆಯದಿದ್ದರೆ, ಕಾರ್ಡ್ ಹಾಕುವಾಗ ಬೇರೆ ಏನೋ ಅಲುಗಿದೆ ಎಂದೇ ಅರ್ಥ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಇದು ತುಂಬಾ ಸಹಜ. ರ್‍ಯಾಮ್ ಕಡ್ಡಿಯ ಒಂದು ತುದಿ ಮೇಲೆದ್ದಿರುತ್ತದೆ, ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಸಡಿಲವಾಗಿರುತ್ತದೆ. ರ್‍ಯಾಮನ್ನು ತೆಗೆದು ಎರಡೂ ಕಡೆ ಕ್ಲಿಪ್ ಬೀಳುವಂತೆ ಮತ್ತೆ ಕೂರಿಸಿ, ಕೇಬಲ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ.

ಈ ಪರೀಕ್ಷೆ ಎಲ್ಲ ಪ್ರೊಸೆಸರ್‌ಗಳಲ್ಲಿ ನಡೆಯುವುದಿಲ್ಲ ಎಂಬುದು ನೆನಪಿರಲಿ. ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಬಳಕೆಗೆ ಸಿಗುವುದಿಲ್ಲ. ಹಾಗಿದ್ದಲ್ಲಿ ಹಳೆಯ ಕಾರ್ಡನ್ನೇ ಮತ್ತೆ ಹಾಕಿ ನೋಡಬೇಕು. ಹೊಸ ಕಾರ್ಡ್ ಎಲ್ಲ ಸರಿ ಎನ್ನುವವರೆಗೆ ಹಳೆಯದನ್ನು ಯಾರಿಗೂ ಕೊಡಬೇಡಿ.

ಲೋಗೊ ಕೂಡ ಕಾಣುವುದಿಲ್ಲ

ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಕಾರ್ಡ್ ಹಾಕಿದ ಮೇಲೂ ಕೇಬಲ್ ಮದರ್‌ಬೋರ್ಡಿನ ಪೋರ್ಟಿನಲ್ಲೇ ಉಳಿದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ, ಏಕೆಂದರೆ ಕಾರ್ಡ್ ಕಂಡ ಕೂಡಲೇ ಹೆಚ್ಚಿನ ಬಯಾಸ್‌ಗಳು ಒಳಗಿನ ಗ್ರಾಫಿಕ್ಸನ್ನು ಬಿಟ್ಟುಬಿಡುತ್ತವೆ. ಹಳೆಯ ವಿಜಿಎ ಮಾನಿಟರ್ ಇದ್ದವರು ಅಡಾಪ್ಟರ್ ಕಡೆಗೂ ಗಮನ ಕೊಡಿ. ಈಗಿನ ಕಾರ್ಡ್‌ಗಳ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಡಿವಿಐ-ಡಿ ಪೋರ್ಟ್‌ಗಳಲ್ಲಿ ಅನಲಾಗ್ ಸಂಕೇತ ಇರುವುದೇ ಇಲ್ಲ. ಬರೀ ಪಿನ್ ಬದಲಿಸುವ ಅಗ್ಗದ ಅಡಾಪ್ಟರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಳಗೆ ಚಿಪ್ ಇರುವ ಆ್ಯಕ್ಟಿವ್ ಅಡಾಪ್ಟರೇ ಬೇಕು.

ಆಮೇಲೆ ಕಾರ್ಡ್ ಕೂತಿರುವ ರೀತಿ. ಟಾರ್ಚ್ ಹಿಡಿದು ಸ್ಲಾಟಿನ ಉದ್ದಕ್ಕೂ ನೋಡಿ. ಕಾರ್ಡಿನ ಚಿನ್ನದ ಬಣ್ಣದ ಅಂಚು ಒಂದು ತುದಿಯಲ್ಲಿ ಪೂರ್ತಿ ಒಳಹೋಗಿ, ಇನ್ನೊಂದು ತುದಿಯಲ್ಲಿ ಕೂದಲೆಳೆಯಷ್ಟು ಹೊರಗೆ ಇಣುಕುತ್ತಿದ್ದರೆ ಅದೇ ತೊಂದರೆ. ಚಿಕ್ಕ ಪೆಟ್ಟಿಗೆಗಳಲ್ಲಿ ಇದಕ್ಕೆ ಮುಖ್ಯ ಕಾರಣ ಬ್ರಾಕೆಟ್: ಕಾರ್ಡಿನ ಜೊತೆ ಬರುವ ಚಿಕ್ಕ ಬ್ರಾಕೆಟ್ ಹಾಕಿದ ಮೇಲೂ ಅದರ ಕೆಳಗಿನ ನಾಲಿಗೆ ಕ್ಯಾಬಿನೆಟ್ಟಿನ ತಗಡಿಗೆ ತಾಗಿ ಕಾರ್ಡನ್ನು ಮೇಲಕ್ಕೆ ಎತ್ತುತ್ತದೆ. ಬ್ರಾಕೆಟ್ಟಿನ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಕಾರ್ಡನ್ನು ಎರಡೂ ತುದಿಯಲ್ಲಿ ಹೆಬ್ಬೆರಳಿಂದ ಸಮನಾಗಿ ಒತ್ತಿ, ಸ್ಲಾಟಿನ ತುದಿಯ ಕೊಂಡಿ ಟಕ್ ಎಂದ ಮೇಲೆ ಸ್ಕ್ರೂ ಬಿಗಿ ಮಾಡಿ. ಬ್ರಾಕೆಟ್ ಬಿಗಿಯಾದ ಹೊತ್ತಿಗೆ ಕಾರ್ಡ್ ಮತ್ತೆ ಓರೆಯಾಗುತ್ತದೆಯೇ ಎಂದು ಇನ್ನೊಮ್ಮೆ ನೋಡುವುದನ್ನು ಬಿಡಬೇಡಿ. ಬಳಸಿದ ಕಾರ್ಡ್ ಆಗಿದ್ದರೆ ಚಿನ್ನದ ಅಂಚನ್ನು ಮೃದುವಾದ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಉಳಿಯದಂತೆ ಒರೆಸಿ.

ಕಾರ್ಡಿನ ಮೇಲೆ 6 ಅಥವಾ 8 ಪಿನ್ನಿನ ಪವರ್ ಸಾಕೆಟ್ ಇದ್ದು, ಅದಕ್ಕೆ ಕೇಬಲ್ ಕೊಟ್ಟಿಲ್ಲವಾದರೆ ಫ್ಯಾನ್ ತಿರುಗಿದರೂ ಚಿತ್ರ ಬರದೇ ಇರಬಹುದು. ಲೋ ಪ್ರೊಫೈಲ್ ಕಾರ್ಡ್ ಎಂದ ಮಾತ್ರಕ್ಕೆ ಹೊರಗಿನ ಪವರ್ ಬೇಡ ಎಂದಲ್ಲ. ಆರ್‌ಟಿಎಕ್ಸ್ 4060ರ ಲೋ ಪ್ರೊಫೈಲ್ ಮಾದರಿಗಳಿವೆ. ಆ ಚಿಪ್ 115 ವ್ಯಾಟ್ ಬಯಸುತ್ತದೆ, ಸ್ಲಾಟಿನ ವಿದ್ಯುತ್ತೊಂದೇ ಅದಕ್ಕೆ ಸಾಲದು.

ಇಷ್ಟೆಲ್ಲ ಸರಿ ಇದ್ದೂ ಕಪ್ಪು ಪರದೆಯೇ ಆದರೆ ಸಂಶಯ ಬಯಾಸ್ ಕಡೆಗೆ ತಿರುಗಬೇಕು. ಯಂತ್ರ ಆನ್ ಆದಾಗ ಚಿತ್ರ ತೋರಿಸುವ ಕೆಲಸವನ್ನು ಕಾರ್ಡಿನೊಳಗಿನ ಚಿಕ್ಕ ಪ್ರೋಗ್ರಾಮೊಂದು ಮಾಡುತ್ತದೆ. ಈಗಿನ ಯುಇಎಫ್‌ಐ ಎಂಬ ಬೂಟ್ ಪದ್ಧತಿಗೆ ಅದು ಒಂದು ರೀತಿ ಇರಬೇಕು, ಹಳೆಯ ಲೆಗಸಿ ಪದ್ಧತಿಗೆ ಇನ್ನೊಂದು ರೀತಿ. ಹಳೆಯ ಯಂತ್ರಕ್ಕೆ ಹೊಸ ಕಾರ್ಡ್ ಹಾಕಿದಾಗ, ಇಲ್ಲವೇ ಹೊಸ ಯಂತ್ರಕ್ಕೆ ತೀರಾ ಹಳೆಯ ಕಾರ್ಡ್ ಹಾಕಿದಾಗ, ಈ ಎರಡು ಹೊಂದದೆ ಹೋಗುತ್ತವೆ. ಕಾರ್ಡ್ ತೆಗೆದು ಒಳಗಿನ ಗ್ರಾಫಿಕ್ಸಿನಿಂದ ಬಯಾಸಿಗೆ ಹೋಗಿ, ತಯಾರಕರ ತಾಣದಲ್ಲಿರುವ ಹೊಸ ಬಯಾಸ್ ಹಾಕಿಕೊಳ್ಳಿ; ಪ್ರೈಮರಿ ಡಿಸ್‌ಪ್ಲೇ ಎನ್ನುವುದನ್ನು ಆಟೊ ಅಥವಾ ಪಿಸಿಐಇ (ಕಾರ್ಡ್ ಕೂರುವ ಸ್ಲಾಟಿನ ಬಗೆಯ ಹೆಸರು) ಎಂದು ಇಡಿ. ಬೂಟ್ ಮೋಡನ್ನು ಲೆಗಸಿಯಿಂದ ಯುಇಎಫ್‌ಐಗೆ ಬದಲಿಸಬೇಕಾಗಿ ಬಂದರೆ ಸ್ವಲ್ಪ ತಡೆಯಿರಿ. ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಂಗಡಣೆಯ ರೀತಿಯಲ್ಲಿದ್ದರೆ ಆ ಬದಲಾವಣೆಯ ನಂತರ ವಿಂಡೋಸ್ ಬೂಟ್ ಆಗುವುದಿಲ್ಲ. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಈಚೆಗೆ ಬರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಮೊದಲು ಡಿಸ್ಕಿನ ವಿಂಗಡಣೆಯನ್ನು ಹೊಸ ಜಿಪಿಟಿ ರೀತಿಗೆ ಬದಲಿಸಿಕೊಳ್ಳಿ, ಅದಕ್ಕೂ ಮುಂಚೆ ಬ್ಯಾಕಪ್ ತೆಗೆದಿಡಿ.

ಲೋಗೊ ಕಾಣದೆ ನೇರವಾಗಿ ವಿಂಡೋಸ್ ಬರುತ್ತಿದ್ದರೆ, ಕಾರ್ಡ್ ಜಿಟಿಎಕ್ಸ್ 900 ಅಥವಾ 1000 ಸರಣಿಯದಾಗಿದ್ದು ಮಾನಿಟರ್ ಡಿಸ್‌ಪ್ಲೇಪೋರ್ಟಿನಲ್ಲಿದ್ದರೆ, ಅದಕ್ಕೆ ಎನ್‌ವಿಡಿಯಾದ್ದೇ ಒಂದು ಫರ್ಮ್‌ವೇರ್ ಅಪ್‌ಡೇಟ್ ಇದೆ. ಡಿಸ್‌ಪ್ಲೇಪೋರ್ಟ್ 1.3, 1.4 ಮಾನಿಟರ್‌ಗಳ ಜೊತೆ ಬರುವ ಈ ತೊಂದರೆಗೆಂದೇ ಅದನ್ನು ಬಿಟ್ಟಿದ್ದಾರೆ. ಅಲ್ಲಿಯವರೆಗೆ ಎಚ್‌ಡಿಎಂಐ ಕೇಬಲ್ ಬಳಸಿ.

ವಿಂಡೋಸ್ ಬರುತ್ತದೆ, ಕಾರ್ಡ್ ಗುರುತು ಸಿಗುವುದಿಲ್ಲ

ಇದು ಹೆಚ್ಚಾಗಿ ಡ್ರೈವರ್ ಸಮಸ್ಯೆ, ಹಾಗಾಗಿ ಉದ್ದ ಮಾಡುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು ಕಾರ್ಡಿನ ಹೆಸರಿನ ಪಕ್ಕ ಹಳದಿ ಗುರುತಿದೆಯೇ, ಒಳಗೆ ಯಾವ ಕೋಡ್ ಇದೆ ನೋಡಿ. ಕೋಡ್ 43 ಇದ್ದರೆ ಹಳೆಯ ಡ್ರೈವರಿನ ಅವಶೇಷ ತೆಗೆಯಬೇಕು: ಇಂಟರ್ನೆಟ್ ಕಡಿದು, ಸೇಫ್ ಮೋಡಿನಲ್ಲಿ ಡಿಡಿಯು ಎಂಬ ಡ್ರೈವರ್ ತೆಗೆಯುವ ಸಾಧನ ನಡೆಸಿ, ಆಮೇಲೆ ಮೊದಲೇ ಇಳಿಸಿಟ್ಟ ತಯಾರಕರ ಡ್ರೈವರ್ ಹಾಕಿ. ಇಂಟರ್ನೆಟ್ ಕಡಿಯಿರಿ ಎನ್ನುವುದು ಸುಮ್ಮನೆ ಹೇಳಿದ್ದಲ್ಲ. ನಾವು ಹಳೆಯದನ್ನು ತೆಗೆದು ಹೊಸದನ್ನು ಹಾಕುವ ನಡುವಿನ ಹೊತ್ತಿನಲ್ಲೇ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತುರುಕಿಬಿಡುತ್ತದೆ. ಕೋಡ್ 12 ಬಂದರೆ ಅದು ಡ್ರೈವರಿನ ಮಾತಲ್ಲ, ಬಯಾಸ್ ಕಾರ್ಡಿಗೆ ಬೇಕಾದ ವಿಳಾಸದ ಜಾಗ ಕೊಟ್ಟಿಲ್ಲ ಎಂದು. ಬಯಾಸಿನಲ್ಲಿ ಅಬೌವ್ 4ಜಿ ಡಿಕೋಡಿಂಗ್ ಇದ್ದರೆ ಆನ್ ಮಾಡಿ.

ಇಂಟೆಲ್ ಆರ್ಕ್ ಕಾರ್ಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಅವಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೇ ಮುಟ್ಟಲು ಬಿಡುವ) ಸೌಲಭ್ಯ ಇರಲೇಬೇಕು ಎನ್ನುವಷ್ಟು ಮುಖ್ಯ. ಹಳೆಯ ಕಚೇರಿ ಯಂತ್ರಗಳ ಬಯಾಸಿನಲ್ಲಿ ಅದು ಇರುವುದಿಲ್ಲ. ಕಾರ್ಡ್ ನಡೆಯುತ್ತದೆ, ಆದರೆ ಆಟ ಕುಂಟುತ್ತದೆ.

ಆಟದ ನಡುವೆ ಪಟ್ಟನೆ ರೀಸ್ಟಾರ್ಟ್

ಚಿಕ್ಕ ಪೆಟ್ಟಿಗೆಯಲ್ಲಿ ಇದೇ ದೊಡ್ಡ ತಲೆನೋವು. ಪರದೆ ಹೋಗಿ ಯಂತ್ರ ತಾನಾಗಿ ಮತ್ತೆ ಆನ್ ಆಗುತ್ತದೆ, ನೀಲಿ ಪರದೆಯೂ ಇಲ್ಲ, ಸಂದೇಶವೂ ಇಲ್ಲ. ಮೊದಲು ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರಿಗೆ ಹೋಗಿ. ಕರ್ನಲ್-ಪವರ್ 41 ಎಂಬ ದಾಖಲೆ ಕಂಡ ಕೂಡಲೇ ಎಸ್‌ಎಂಪಿಎಸ್ (ಯಂತ್ರಕ್ಕೆಲ್ಲ ವಿದ್ಯುತ್ತು ಕೊಡುವ ಭಾಗ) ಹೋಗಿದೆ ಎಂದು ತೀರ್ಮಾನಿಸಬೇಡಿ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅದು ಹೇಳುತ್ತದೆ. ಅದರ ಡೀಟೇಲ್ಸ್ ಪುಟದಲ್ಲಿ ಬಗ್‌ಚೆಕ್‌ಕೋಡ್ ಎಂಬ ಸಾಲನ್ನು ಓದಿ. ಅಲ್ಲಿ 0 ಇದ್ದರೆ ವಿಂಡೋಸಿಗೆ ತಪ್ಪನ್ನು ಬರೆದಿಡಲೂ ಸಮಯ ಸಿಕ್ಕಿಲ್ಲ, ಹಾಗಾಗಿ ವಿದ್ಯುತ್ತಿನ ಮೇಲಿನ ಸಂಶಯ ಬಲವಾಗುತ್ತದೆ. ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆಯ ದೋಷ, ಅಂದರೆ ಡ್ರೈವರ್ ಅಥವಾ ರ್‍ಯಾಮ್ ಕಡೆ ನೋಡಬೇಕು. ಡಿಸ್‌ಪ್ಲೇ 4101 ಎಂಬ ದಾಖಲೆ ಇದ್ದರೆ ಡ್ರೈವರ್ ಉತ್ತರ ಕೊಡದೆ ವಿಂಡೋಸ್ ಅದನ್ನು ಮತ್ತೆ ಎಬ್ಬಿಸಿದೆ ಎಂದು. ಅದಕ್ಕೆ ವಿಂಡೋಸ್ ಮಾಮೂಲಿಯಾಗಿ ಕಾಯುವುದು 2 ಸೆಕೆಂಡ್.

ಈಗ ಎಸ್‌ಎಂಪಿಎಸ್ ಮೇಲಿನ ಚೀಟಿ ಓದೋಣ. ದೊಡ್ಡ ಅಕ್ಷರದ ಒಟ್ಟು ವ್ಯಾಟನ್ನು ಬಿಡಿ, 12 ವೋಲ್ಟ್ ಎಂದಿರುವ ಸಾಲನ್ನು ಹುಡುಕಿ. ಅಲ್ಲಿ 16 ಆಂಪಿಯರ್ ಎಂದು ಇದೆ ಅಂದುಕೊಳ್ಳಿ: 12ರಿಂದ ಗುಣಿಸಿದರೆ 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಉಣ್ಣುವುದು ಬಹುಪಾಲು ಇದರಿಂದಲೇ. ಐ5-10400 ಪ್ರೊಸೆಸರಿನ ಮೇಲೆ 65 ವ್ಯಾಟ್ ಎಂದು ಬರೆದಿರುತ್ತದೆ, ಆದರೆ ಟರ್ಬೊ ಹೊಡೆದಾಗ, ಅಂದರೆ ಅದು ತಾನಾಗಿ ವೇಗ ಏರಿಸಿಕೊಂಡಾಗ, ಇಂಟೆಲ್ ಅದಕ್ಕೆ ಇಟ್ಟಿರುವ ಮಿತಿ 134 ವ್ಯಾಟ್. ಅದರ ಮೇಲೆ 75 ವ್ಯಾಟಿನ ಕಾರ್ಡ್ ಸೇರಿಸಿ: 209. ಡಿಸ್ಕ್, ಫ್ಯಾನ್‌ಗಳನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಎಲ್ಲ ತಯಾರಕರೂ ಟರ್ಬೊ ಮಿತಿಯನ್ನು ಅಷ್ಟಕ್ಕೇ ಬಿಟ್ಟಿರುವುದಿಲ್ಲ, ಕೆಲವರು ತಗ್ಗಿಸಿರುತ್ತಾರೆ. ಆದರೂ ಈ ಲೆಕ್ಕದಿಂದ ಒಂದು ವಿಷಯ ತಿಳಿಯುತ್ತದೆ. ಟರ್ಬೊ ಇರುವುದು ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಗಂಟೆಗಟ್ಟಲೆ ಆಡಿದಾಗ ಏನೂ ಆಗದೆ, ಲೋಡಿಂಗ್ ಮುಗಿದು ದೃಶ್ಯ ತೆರೆಯುವ ಕ್ಷಣದಲ್ಲಿ, ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಒಟ್ಟಿಗೆ ಎಳೆದಾಗ, ಯಂತ್ರ ಬೀಳಬಹುದು.

ಸ್ಲಾಟಿನ ಲೆಕ್ಕವೂ ಇದೆ. ಗ್ರಾಫಿಕ್ಸ್ ಕಾರ್ಡಿನ ಎಕ್ಸ್16 ಸ್ಲಾಟ್ (ಹದಿನಾರು ಲೇನ್, ಅಂದರೆ ಮಾಹಿತಿ ಓಡಾಡುವ ಹಾದಿಗಳು, ಇರುವಂಥದ್ದು) ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು, ಅದರಲ್ಲಿ 12 ವೋಲ್ಟಿನ ಪಾಲು 5.5 ಆಂಪಿಯರ್, ಅಂದರೆ 66 ವ್ಯಾಟ್. ಕೆಲವು ಕಚೇರಿ ಮಾದರಿಗಳ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಮಿತಿಯನ್ನೇ ಬರೆದಿರುತ್ತಾರೆ. ಕಾರ್ಡ್ ಕೊಳ್ಳುವ ಮುಂಚೆ ಓದಬೇಕಾದ ಸಾಲು ಅದು. ಆರ್‌ಎಕ್ಸ್ 6400ಕ್ಕೆ 53 ವ್ಯಾಟ್, 6 ಜಿಬಿ ಆರ್‌ಟಿಎಕ್ಸ್ 3050ಕ್ಕೆ 70, ಜಿಟಿಎಕ್ಸ್ 1650ಕ್ಕೆ 75. ಬಿಗಿಯಾದ ಎಸ್‌ಎಂಪಿಎಸ್‌ನಲ್ಲಿ ಈ ಇಪ್ಪತ್ತು ವ್ಯಾಟಿನ ವ್ಯತ್ಯಾಸ ತುಂಬಾ ದೊಡ್ಡದು.

ವಿದ್ಯುತ್ತೇ ಕಾರಣ ಎಂದು ಖಚಿತ ಮಾಡಿಕೊಳ್ಳಲು ಹೊಸ ಎಸ್‌ಎಂಪಿಎಸ್ ಕೊಳ್ಳಬೇಕಾಗಿಲ್ಲ. ಮೊದಲು ಪ್ರೊಸೆಸರಿಗೆ ಮಾತ್ರ ಭಾರ ಕೊಡುವ ಪರೀಕ್ಷೆಯನ್ನು ಹತ್ತು ನಿಮಿಷ ನಡೆಸಿ. ಆಮೇಲೆ ಅದನ್ನು ನಿಲ್ಲಿಸಿ ಫರ್‌ಮಾರ್ಕಿನಂಥದ್ದರಿಂದ ಕಾರ್ಡಿಗೆ ಮಾತ್ರ ಭಾರ ಕೊಡಿ. ಬೇರೆ ಬೇರೆಯಾಗಿ ಎರಡೂ ನಿಂತು, ಒಟ್ಟಿಗೆ ನಡೆಸಿದಾಗ ಬಿದ್ದರೆ ಉತ್ತರ ಸಿಕ್ಕಿತು. ಇನ್ನೂ ಗಟ್ಟಿ ಮಾಡಿಕೊಳ್ಳಲು ಕಾರ್ಡಿನ ವೇಗ, ವಿದ್ಯುತ್ತು ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರಿನಲ್ಲಿ ಪವರ್ ಲಿಮಿಟನ್ನು ಶೇಕಡ 70ಕ್ಕೆ ಇಳಿಸಿ ಅದೇ ಆಟವನ್ನು ಅದೇ ಜಾಗದಲ್ಲಿ ಆಡಿ. ಕಾರ್ಡ್ ಅದಕ್ಕೆ ಒಪ್ಪದಿದ್ದರೆ ಡ್ರೈವರಿನಲ್ಲೇ ಫ್ರೇಮ್ ಮಿತಿಯನ್ನು 30ಕ್ಕೆ ಇಡಿ. ಇನ್ನೊಂದು ಕಡೆಯಿಂದ, ಬಯಾಸಿನಲ್ಲಿ ಟರ್ಬೊ ಬೂಸ್ಟ್ ಆಫ್ ಮಾಡಿಯೂ ನೋಡಿ. ಎಳೆತ ಕಡಿಮೆಯಾದ ಕೂಡಲೇ ರೀಸ್ಟಾರ್ಟ್ ನಿಂತರೆ ಕಾರ್ಡ್ ಕೆಟ್ಟಿಲ್ಲ, ಅದಕ್ಕೆ ಸಾಕಷ್ಟು ವಿದ್ಯುತ್ತು ಸಿಗುತ್ತಿಲ್ಲ. ಪವರ್ ಲಿಮಿಟನ್ನು ಸ್ವಲ್ಪ ಇಳಿಸಿಯೇ ಇಟ್ಟುಕೊಂಡರೆ ಆಟದ ವೇಗದಲ್ಲಿ ಆಗುವ ನಷ್ಟ ಕಡಿಮೆ. ಅದು ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು, ಇದು ತಾತ್ಕಾಲಿಕ ತೇಪೆ ಎಂದು ಯಾರೂ ಸಂಕೋಚಪಡಬೇಕಾಗಿಲ್ಲ.

ಸಾಟಾ ಕೇಬಲಿನಿಂದ 6 ಪಿನ್ ಮಾಡಿಕೊಡುವ ಅಡಾಪ್ಟರ್‌ಗಳನ್ನು ದಯವಿಟ್ಟು ಬಳಸಬೇಡಿ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು 3 ಪಿನ್, ಒಂದೊಂದರ ಮಿತಿ 1.5 ಆಂಪಿಯರ್, ಒಟ್ಟು 54 ವ್ಯಾಟ್. 6 ಪಿನ್ ಸಾಕೆಟ್ ಕೇಳಬಹುದಾದದ್ದು 75. ಕನೆಕ್ಟರ್ ಕರಗಿ, ಬೆಂಕಿ ಹತ್ತುವವರೆಗೂ ಹೋಗಬಹುದು. ಅದರಲ್ಲೂ ಹಲವು ಚಿಕ್ಕ ಪೆಟ್ಟಿಗೆಗಳಲ್ಲಿ ಡಿಸ್ಕಿನ ವಿದ್ಯುತ್ತು ಮದರ್‌ಬೋರ್ಡಿನ ಮೂಲಕವೇ ಬರುತ್ತದೆ, ಅಲ್ಲಿ ಎಳೆದರೆ ಬೋರ್ಡೇ ಸುಡಬಹುದು. ದೊಡ್ಡ ಎಸ್‌ಎಂಪಿಎಸ್ ಹಾಕುತ್ತೇನೆ ಎನ್ನುವವರು ಮದರ್‌ಬೋರ್ಡಿನ ಮುಖ್ಯ ಪವರ್ ಕನೆಕ್ಟರನ್ನು ಎಣಿಸಿ ನೋಡಿ. ಸಾಮಾನ್ಯ ಎಟಿಎಕ್ಸ್‌ನಲ್ಲಿ 24 ಪಿನ್ ಇರುತ್ತದೆ. ದೊಡ್ಡ ಬ್ರ್ಯಾಂಡಿನ ಕಚೇರಿ ಯಂತ್ರಗಳಲ್ಲಿ ಅವರದ್ದೇ ಆದ ಬೇರೆ ಕನೆಕ್ಟರ್ ಇರುತ್ತದೆ, ಅಳತೆಯೂ ಬೇರೆ. ಯಾವ ಕಾರಣಕ್ಕೂ ಎಸ್‌ಎಂಪಿಎಸ್ ಒಳಗೆ ಕೈ ಹಾಕಬೇಡಿ, ಕೇಬಲ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ವಿದ್ಯುತ್ತು ಸರಿ ಇದ್ದೂ ಆಗಾಗ ಪರದೆ ಮಿನುಗಿ ಆಟ ಮುಚ್ಚಿಕೊಳ್ಳುತ್ತಿದ್ದರೆ ಇವೆಂಟ್ ವ್ಯೂವರಿನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ 17 ಸಾಲುಸಾಲಾಗಿ ಬಂದಿದೆಯೇ ನೋಡಿ. ಕಾರ್ಡ್ ಮತ್ತು ಬೋರ್ಡಿನ ನಡುವಿನ ಪಿಸಿಐಇ ಮಾತುಕತೆಯಲ್ಲಿ ತಪ್ಪುಗಳಾಗಿ ತಿದ್ದಿಕೊಳ್ಳುತ್ತಿವೆ ಎಂದು ಅದರ ಅರ್ಥ. ಕಾರ್ಡನ್ನು ಮತ್ತೆ ಕೂರಿಸಿ, ಕಾರ್ಡನ್ನು ಸ್ಲಾಟಿನಿಂದ ದೂರ ಇಡಲು ಬಳಸುವ ರೈಸರ್ ಕೇಬಲ್ ಇದ್ದರೆ ತೆಗೆದು ನೋಡಿ, ಬಯಾಸಿನಲ್ಲಿ ಪಿಸಿಐಇ ವೇಗವನ್ನು ಒಂದು ಮೆಟ್ಟಿಲು ಇಳಿಸಿ.

ನಡೆಯುತ್ತದೆ, ಆದರೆ ವೇಗವಿಲ್ಲ

ಜಿಪಿಯು-ಝಡ್ ಎಂಬ ಚಿಕ್ಕ ಸಾಧನ ತೆರೆಯಿರಿ. ಬಸ್ ಇಂಟರ್‌ಫೇಸ್ ಸಾಲಿನಲ್ಲಿ ಎಕ್ಸ್16 ಕಾರ್ಡ್ ಎಕ್ಸ್4ರಲ್ಲಿ ಓಡುತ್ತಿದೆ ಎಂದಿದ್ದರೆ ಅದು ತಪ್ಪು ಸ್ಲಾಟಿನಲ್ಲಿದೆ. ಚಿಕ್ಕ ಯಂತ್ರಗಳ ಎರಡನೇ ಉದ್ದ ಸ್ಲಾಟ್ ನೋಡಲು ಎಕ್ಸ್16ರಂತಿದ್ದರೂ ಒಳಗೆ ಎಕ್ಸ್4 ತಂತಿಗಳಷ್ಟೇ ಇರುವುದು ಸಾಮಾನ್ಯ. ಕಾರ್ಡ್ ದಪ್ಪವಾಯಿತು, ಎಸ್‌ಎಂಪಿಎಸ್‌ಗೆ ತಾಗುತ್ತದೆ ಎಂದು ಹಲವರು ಅಲ್ಲಿ ಹಾಕುತ್ತಾರೆ. ಓದುವಾಗ ಪಕ್ಕದ ಪ್ರಶ್ನೆ ಗುರುತು ಒತ್ತಿ ರೆಂಡರ್ ಟೆಸ್ಟ್ ಓಡಿಸಿಯೇ ಓದಿ. ಸುಮ್ಮನಿರುವ ಕಾರ್ಡ್ ವಿದ್ಯುತ್ ಉಳಿಸಲು 1.1 ವೇಗಕ್ಕೆ ಇಳಿದಿರುತ್ತದೆ, ಅದು ದೋಷವಲ್ಲ.

ಆರ್‌ಎಕ್ಸ್ 6400 ವಿಷಯ ಬೇರೆ. 2022ರಲ್ಲಿ ಬಂದ ಆ ಕಾರ್ಡಿಗೆ ಇರುವುದೇ ಪಿಸಿಐಇ 4.0ರ ನಾಲ್ಕು ಲೇನ್. 3.0 ಇರುವ ಹಳೆಯ ಯಂತ್ರದಲ್ಲಿ ಅದರ ಹಾದಿ ಸೆಕೆಂಡಿಗೆ ಸುಮಾರು 8 ಜಿಬಿಯಿಂದ 4 ಜಿಬಿಗೆ ಕುಗ್ಗುತ್ತದೆ. 4 ಜಿಬಿ ಮೆಮೊರಿ ತುಂಬುವವರೆಗೆ ಹೆಚ್ಚು ಗೊತ್ತಾಗದು, ತುಂಬಿದ ಮೇಲೆ ಆಟ ಎಡವುತ್ತದೆ. ಟೆಕ್ಸ್ಚರ್ ಸೆಟ್ಟಿಂಗ್ ಒಂದನ್ನೇ ಇಳಿಸಿ ನೋಡಿ, ಎಡವುವುದು ನಿಂತರೆ ಕಾರಣ ಇದೇ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 4.0 ಬಂದದ್ದು 11ನೇ ತಲೆಮಾರಿನಿಂದ. ಜಿಟಿ 1030 ಕೊಂಡವರು ಮೆಮೊರಿ ಟೈಪ್ ಸಾಲನ್ನು ಓದಿ: ಒಂದೇ ಹೆಸರಲ್ಲಿ ಜಿಡಿಡಿಆರ್5 ಮತ್ತು ಡಿಡಿಆರ್4 ಎರಡು ಬಗೆ ಮಾರಾಟವಾಗಿವೆ, ಎರಡನೆಯದರ ಮೆಮೊರಿ ವೇಗ ಮೊದಲನೆಯದರ ಮೂರನೇ ಒಂದು ಪಾಲಿನಷ್ಟು. ಅದಕ್ಕೆ ಯಾವ ಸೆಟ್ಟಿಂಗಿನಿಂದಲೂ ಪರಿಹಾರವಿಲ್ಲ.

ಮೊದಲ ಹತ್ತು ನಿಮಿಷ ಚೆನ್ನಾಗಿ ಆಡಿ ಆಮೇಲೆ ಮಂದವಾದರೆ ಶಾಖ. ಜಿಪಿಯು-ಝಡ್‌ನ ಸೆನ್ಸರ್ಸ್ ಪುಟವನ್ನು ತೆರೆದಿಟ್ಟು ಆಡಿ. ತಾಪ 80 ಡಿಗ್ರಿ ಸೆಲ್ಸಿಯಸ್ ದಾಟಿ ನಿಂತು, ಕ್ಲಾಕ್ (ಚಿಪ್ಪಿನ ವೇಗ) ಮೆಲ್ಲಗೆ ಇಳಿಯುತ್ತಿದ್ದರೆ, ವೇಗ ತಡೆದದ್ದು ಏನು ಎಂದು ಹೇಳುವ ಪರ್ಫ್‌ಕ್ಯಾಪ್ ಸಾಲಿನಲ್ಲಿ ಥರ್ಮಲ್ ಎಂದು ಬಂದರೆ ಅನುಮಾನವೇ ಬೇಡ. ಅಲ್ಲಿ ಪವರ್ ಎಂದು ಬಂದರೆ ಗಾಬರಿಯಾಗಬೇಡಿ, 75 ವ್ಯಾಟಿನ ಕಾರ್ಡ್ ತನ್ನ ಮಿತಿಯಲ್ಲಿ ಓಡುವುದು ಸಹಜ. ಶಾಖಕ್ಕೆ ಚಿಕ್ಕ ಪೆಟ್ಟಿಗೆಯಲ್ಲಿ ಗಮನಿಸದೆ ಹೋಗುವ ಒಂದು ಕಾರಣವಿದೆ. ಕ್ಯಾಬಿನೆಟ್ ಫ್ಯಾನಿನ ವೇಗವನ್ನು ಬಯಾಸ್ ಪ್ರೊಸೆಸರಿನ ತಾಪ ನೋಡಿ ನಿರ್ಧರಿಸುತ್ತದೆ, ಕಾರ್ಡ್ ಕುದಿಯುತ್ತಿರುವುದು ಅದಕ್ಕೆ ತಿಳಿಯುವುದಿಲ್ಲ. ಬಯಾಸಿನಲ್ಲಿ ಫ್ಯಾನಿನ ಕನಿಷ್ಠ ವೇಗ ಹೆಚ್ಚಿಸುವ ಆಯ್ಕೆ ಇದ್ದರೆ ಹೆಚ್ಚಿಸಿ. ಕಾರ್ಡಿನ ಫ್ಯಾನ್ ಮತ್ತು ಎದುರಿನ ಗೋಡೆಯ ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲದಿದ್ದರೆ, ಮುಚ್ಚಳ ತೆಗೆದು ಒಮ್ಮೆ ಆಡಿ ತಾಪವನ್ನು ಹೋಲಿಸಿ. ಆ ಹೊತ್ತಿನಲ್ಲೇ ಡಿಸ್ಕ್ ಟ್ರೇ ಕೆಳಗಿನ ಯಾವುದಾದರೂ ತಂತಿ ಫ್ಯಾನಿಗೆ ಒರೆಯುತ್ತಿದೆಯೇ ಎಂದೂ ನೋಡಿ.

ತಾಪ ಸರಿ, ಲೇನ್ ಸರಿ, ಆದರೂ ಕಾರ್ಡಿನ ಬಳಕೆ ಶೇಕಡ 50, 60ರಲ್ಲೇ ಇದ್ದರೆ ಕಾರ್ಡ್ ಕಾಯುತ್ತಾ ಕೂತಿದೆ, ತಡ ಮಾಡುತ್ತಿರುವುದು ಪ್ರೊಸೆಸರ್ ಅಥವಾ ರ್‍ಯಾಮ್. ಒಂದೇ ರ್‍ಯಾಮ್ ಕಡ್ಡಿ ಇದ್ದರೆ ಅಂಥದ್ದೇ ಇನ್ನೊಂದು ಸೇರಿಸಿ ಡ್ಯುಯಲ್ ಚಾನೆಲ್ ಮಾಡಿ, ನಾಲ್ಕು ಕೋರಿನ ಹಳೆಯ ಯಂತ್ರಗಳಲ್ಲಿ ಎಡವುವಿಕೆ ಕಣ್ಣಿಗೆ ಕಾಣುವಂತೆ ತಗ್ಗುತ್ತದೆ.

ಕಾರ್ಡೇ ಕೆಟ್ಟಿದೆಯೇ

ಲೋಗೊ ಹಂತದಿಂದಲೇ ಪರದೆಯ ತುಂಬ ಬಣ್ಣದ ಚೌಕಗಳು, ಗೆರೆಗಳು ಕಂಡರೆ ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲ, ಏಕೆಂದರೆ ಡ್ರೈವರ್ ಇನ್ನೂ ಎದ್ದೇ ಇರುವುದಿಲ್ಲ. ಕೇಬಲ್ ಬದಲಿಸಿ ನೋಡಿ, ಆಮೇಲೂ ಹಾಗೇ ಇದ್ದರೆ ಕಾರ್ಡಿನ ಮೆಮೊರಿಯ ಮೇಲೆ ಸಂಶಯ. ಬಳಸಿದ ಕಾರ್ಡ್ ಕೊಂಡವರು ಜಿಪಿಯು-ಝಡ್‌ನಲ್ಲಿ ಹೆಸರಿನ ಮುಂದೆ ಫೇಕ್ ಎಂದು ಬಂದಿದೆಯೇ ನೋಡಲೇಬೇಕು. ಹಳೆಯ ಚಿಪ್ಪಿನ ಕಾರ್ಡಿಗೆ ಹೊಸ ಹೆಸರಿನ ಬಯಾಸ್ (ಕಾರ್ಡಿನದ್ದೇ ಒಳಗಿನ ಪ್ರೋಗ್ರಾಮ್) ತುಂಬಿ ಮಾರುವವರಿದ್ದಾರೆ, ಡ್ರೈವರ್ ಹಾಕಿದಾಗಲೆಲ್ಲ ಯಂತ್ರ ನಿಂತುಹೋಗುವುದಕ್ಕೆ ಅದೂ ಒಂದು ಕಾರಣ.

ಕಡೆಯ ಪರೀಕ್ಷೆ ಬೇರೆ ಯಂತ್ರ. 450 ವ್ಯಾಟಿನ ಮೇಲಿನ ಒಳ್ಳೆಯ ಎಸ್‌ಎಂಪಿಎಸ್ ಇರುವ, ಅಗಲವಾದ ಕ್ಯಾಬಿನೆಟ್ಟಿನ ಪರಿಚಿತರ ಯಂತ್ರ ಸಿಕ್ಕರೆ ಅಲ್ಲಿ ಅದೇ ಆಟವನ್ನು ಅರ್ಧ ಗಂಟೆ ಆಡಿ. ಅಲ್ಲಿ ಸರಿಯಾಗಿ ನಡೆದರೆ ನಿಮ್ಮ ಪೆಟ್ಟಿಗೆಯ ವಿದ್ಯುತ್ತು, ಬಯಾಸ್, ಗಾಳಿ ಇವುಗಳಿಗೇ ಮರಳಿ. ಅಲ್ಲೂ ಅದೇ ತೊಂದರೆ ಬಂದರೆ ಕಾರ್ಡನ್ನು ವಾರಂಟಿಗೆ ಕಳಿಸಿ. ಕಳಿಸುವಾಗ ತೊಂದರೆ ಬರುವ ಹಂತ, ಇವೆಂಟ್ ವ್ಯೂವರಿನ ಸಂಖ್ಯೆಗಳು, ಎರಡನೇ ಯಂತ್ರದಲ್ಲೂ ಪರೀಕ್ಷಿಸಿದ ವಿಷಯ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡಿ. ಡ್ರೈವರ್ ಮತ್ತೆ ಹಾಕಿ ನೋಡಿ ಎಂಬ ಉತ್ತರದೊಂದಿಗೆ ಅದು ಹಿಂದಿರುಗುವ ಸಾಧ್ಯತೆ ಕಡಿಮೆಯಾಗುತ್ತದೆ.